ಕರಗುವ ಚೀಲ ನಮ್ಮ ಗುಂಡಿಯಲ್ಲಿ ಕರಗುತ್ತದೆಯೇ?

(ಅಂತರಘಟ್ಟೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಮಾಹಿತಿ ಭಾಷಣ)



ಎರೆಗೊಬ್ಬರ ಮಾಡಿ ಮಾರುವ ಸಂಘಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತಿದೆ: "ಸಿಸ್ಟರ್, ಈ ಹೊಸ ಚೀಲ ಮಣ್ಣಲ್ಲಿ ಕರಗುತ್ತಂತೆ, ಗುಂಡಿಗೇ ಹಾಕಿಬಿಡೋಣ್ವಾ?" ಬೇಡ ಅಂತಲೇ ನಾವು ಹೇಳ್ತೇವೆ. ಯಾಕೆ ಅಂತ ಕೇಳಿ.

ಹಾಲಿನ ಕವರ್, ಅಂಗಡಿಯ ಮಾಮೂಲಿ ಕ್ಯಾರಿಬ್ಯಾಗ್ ಪಾಲಿಥೀನಿನವು. ತಿಪ್ಪೆಯ ಸೂಕ್ಷ್ಮಜೀವಿಗಳು ಅದನ್ನು ಅರಗಿಸಲಾರವು. ಬಿಸಿಲಿಗೆ ಅದು ಪೆಡಸಾಗಿ ಚೂರುಚೂರಾಗುತ್ತದೆ, ಅಷ್ಟೆ. ಆ ಚೂರು ಗೊಬ್ಬರದ ಜೊತೆ ರಾಗಿ ಹೊಲಕ್ಕೂ ಅಡಿಕೆ ತೋಟಕ್ಕೂ ಹೋಗುತ್ತದೆ. ಆಮೇಲೆ ಹೆಕ್ಕೋರು ಯಾರು?

'ಕಾಂಪೋಸ್ಟೆಬಲ್' ಎಂದು ಬರೆದ ಚೀಲದ ವಿಷಯ ಬೇರೆ. ಇಂಥ ಎಷ್ಟೋ ಚೀಲಗಳಲ್ಲಿ ಮೆಕ್ಕೆಜೋಳದಂಥ ಬೆಳೆಯಿಂದ ತಯಾರಿಸಿದ ಪಿ.ಎಲ್.ಎ. ಎಂಬ ವಸ್ತು ಇರುತ್ತದೆ. ತೇವ ಮತ್ತು ಬಿಸಿ ಸೇರಿ ಮೊದಲು ಅದನ್ನು ತುಂಡರಿಸಬೇಕು, ಆಮೇಲೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಇದನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. 180 ದಿನದೊಳಗೆ ಶೇ. 90ರಷ್ಟು ಜೀರ್ಣವಾಗಬೇಕು ಎಂಬುದು ಲೆಕ್ಕ. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಅಷ್ಟು ಬಿಸಿ ವಾರಗಟ್ಟಲೆ ನಿಲ್ಲುತ್ತದೆ. ನಮ್ಮ ಎರೆಗೊಬ್ಬರದ ತೊಟ್ಟಿಯಲ್ಲಿ? ನೆರಳು ಮಾಡಿ, ನೀರು ಚಿಮುಕಿಸಿ ತಂಪಾಗಿ ಇಡುತ್ತೇವೆ. 35 ಡಿಗ್ರಿ ದಾಟಿದರೆ ಹುಳುಗಳಿಗೇ ಕಷ್ಟ. ಅಂಥ ತಂಪಿನಲ್ಲಿ ಈ ಚೀಲ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಮೂಟೆಯಲ್ಲಿ ಪ್ಲಾಸ್ಟಿಕ್ ಚೂರು ಕಂಡ ಗಿರಾಕಿ ಇನ್ನೊಂದು ಸಲ ಬರ್ತಾರಾ? ಸಂಘದ ಸಾಲದ ಕಂತು ಕಟ್ಟೋದು ಆ ಗೊಬ್ಬರದ ದುಡ್ಡಿನಿಂದ ತಾನೇ.

ಅನುಮಾನ ಇದ್ದವರು ಚೀಲದ ಒಂದು ತುಂಡನ್ನು ಈರುಳ್ಳಿ ಬಲೆಚೀಲದಲ್ಲಿ ಕಟ್ಟಿ ತಿಪ್ಪೆಯ ನಡುವೆ ಹೂಳಿ. ಪಕ್ಕದಲ್ಲೇ ಅಡಿಕೆ ಹಾಳೆಯ ತುಂಡೂ ಇರಲಿ. ತಿಂಗಳಿಗೊಮ್ಮೆ ತೆಗೆದು ಎಲ್ಲರೂ ನೋಡಿ, ಸಭೆಯ ಪುಸ್ತಕದಲ್ಲಿ ಬರೆದಿಡಿ. ನಮ್ಮ ಮಾತಿಗಿಂತ ನಿಮ್ಮ ಕಣ್ಣೇ ವಾಸಿ.

ಕೊಳ್ಳುವಾಗಲೂ ಎಚ್ಚರ. ಸುಮ್ಮನೆ 'ಪರಿಸರಸ್ನೇಹಿ' ಎಂದು ಬರೆದಿದ್ದರೆ ನಂಬಬೇಡಿ. ಕಾಂಪೋಸ್ಟೆಬಲ್ ಚೀಲ ತಯಾರಿಸುವವರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಮಾಮೂಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದೆಂಬ ನಿಯಮ 2022ರ ಡಿಸೆಂಬರ್ 31ರಿಂದ ಇದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ಅದೇ ವರ್ಷ ಜುಲೈ 1ರಿಂದಲೇ ನಿಷೇಧ.

ಇಲ್ಲಿಯ ದುರ್ಗಾಂಬಾ ಜಾತ್ರೆಗೆ ಅಂಗಡಿ ಹಾಕುವ ಸಂಘದವರು ಹಾಳೆ ತಟ್ಟೆ, ಮುತ್ತುಗದ ಎಲೆ ಬಳಸಿ. ಇವು ತಿಪ್ಪೆಗೆ ಬಿದ್ದರೆ ಗೊಬ್ಬರವೇ. ಟೀ ಕೊಡೋ ಪೇಪರ್ ಲೋಟವನ್ನು ಮಾತ್ರ ಗುಂಡಿಗೆ ಹಾಕಬೇಡಿ; ಸಾಮಾನ್ಯವಾಗಿ ಅದರ ಒಳಗಿನ ತೆಳು ಪದರ ಪಾಲಿಥೀನೇ.