ಗಟ್ಟಿ ಬೀಜ ಮೊಳೆಯಿಸುವ ಬಗೆ

(ನಮ್ಮ ಉಚಿತ ವಾಚನಾಲಯದ ಕೊಚ್ಚಿ ಕೂಟದಲ್ಲಿ ಮಾಡಿದ ಭಾಷಣ. ತಿರುವನಂತಪುರದ ಗೆಳೆಯರಿಗೂ ತಲುಪಲೆಂದು ಇಲ್ಲಿ ಅಚ್ಚು ಮಾಡಿದೆ.)



ಕಳೆದ ವರ್ಷ ನಾವು ಒಂದು ಮಾತು ಕೊಟ್ಟು ಅದಕ್ಕೆ ತಪ್ಪಿದೆವು. ವನಮಹೋತ್ಸವದ ಹೊತ್ತಿಗೆ ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಗೆ ನಲವತ್ತು ಮಂಜಾಡಿ ಸಸಿಗಳನ್ನು ಬೆಳೆಸಿ ಕೊಡುವೆವೆಂದು ಹೇಳಿದ್ದೆವು. ಏಪ್ರಿಲಿನಲ್ಲಿ ಹಾಲಿನ ಖಾಲಿ ಪೊಟ್ಟಣಗಳಿಗೆ ಮಣ್ಣು ತುಂಬಿ, ವಾಚನಾಲಯದ ಮಾಳಿಗೆಯ ಮೇಲೆ ಸಾಲಾಗಿ ಇಟ್ಟು, ದಿನವೂ ಸರದಿಯ ಮೇಲೆ ನೀರು ಹಾಕಿದೆವು. ಜೂನ್ ಮುಗಿಯುವಾಗ ಎದ್ದಿದ್ದವು ಮೂರೇ ಮೂರು. ಮೂರು ಸಸಿ ಹಿಡಿದುಕೊಂಡು ರೈಲು ಹತ್ತಲು ನಾಚಿಕೆಯಾಯಿತು. ಬೀಜವೇ ಕೆಟ್ಟದ್ದು ಎಂದು ತೀರ್ಮಾನಿಸಿ, ಉಳಿದ ಮಣ್ಣನ್ನು ಹಿತ್ತಿಲ ಮೂಲೆಗೆ ಸುರಿದು ಸುಮ್ಮನಾದೆವು.

ಈ ವರ್ಷದ ಮಳೆಗೆ ಆ ಮಣ್ಣಿನ ಗುಡ್ಡೆಯಿಂದ ಐದು ಮಂಜಾಡಿ ಗಿಡ ಎದ್ದು ನಿಂತವು! ಬೀಜ ಕೆಟ್ಟಿರಲಿಲ್ಲ, ಕೆಟ್ಟದ್ದು ನಮ್ಮ ತಿಳಿವಳಿಕೆ. ಅದನ್ನು ತಿದ್ದಿಕೊಂಡ ಬಗೆಯನ್ನು ತಮ್ಮ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ಮಂಜಾಡಿ ಯಾವುದೆಂದು ಇಲ್ಲಿರುವ ನಮಗೆಲ್ಲ ಗೊತ್ತು. ಗುರುವಾಯೂರಿಗೆ ಹೋದವರು ಉರುಳಿಯ ತುಂಬ ಇರುವ ಈ ಕೆಂಪು ಬೀಜಗಳನ್ನು ಮಕ್ಕಳು ಎರಡು ಕೈಯಲ್ಲೂ ಬಾಚಿ ಆಡುವುದನ್ನು ಕಂಡಿರುತ್ತಾರೆ. ಹಿಂದೆ ಇಲ್ಲಿನ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದೂ ಇದರಿಂದಲೇ. ನಮ್ಮ ಕಡೆ ಇದನ್ನು ಆನೆಗುಲಗಂಜಿ ಎನ್ನುತ್ತಾರೆ. ಕಪ್ಪು ಚುಕ್ಕೆಯಿರುವ ಸಣ್ಣ ಗುಲಗಂಜಿ ಬೇರೆ. ಅದು ವಿಷ, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ವರ್ಷಗಟ್ಟಲೆ ಇಟ್ಟರೂ ಮಂಜಾಡಿ ಬೀಜದ ಹೊಳಪು ಮಾಸುವುದಿಲ್ಲ. ಆ ಗುಣವೇ ನಮ್ಮ ತೊಂದರೆಗೆ ಕಾರಣ. ಇದರ ಸಿಪ್ಪೆಯಲ್ಲಿ ಜೀವಕೋಶಗಳು ಕಂಬಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ನಡುವೆ ನೀರು ನುಸುಳದು. ನೀರು ಒಳಗೆ ಹೋಗದಿದ್ದರೆ ಬೀಜ ಉಬ್ಬದು, ಉಬ್ಬದಿದ್ದರೆ ಮೊಳೆಯದು. ಕಾಡಿನಲ್ಲಿ ಬಿಸಿಲು, ಮಳೆ, ಕಾಳ್ಗಿಚ್ಚು, ಮಣ್ಣಿನ ಸೂಕ್ಷ್ಮಜೀವಿಗಳು ಈ ಸಿಪ್ಪೆಯನ್ನು ನಿಧಾನವಾಗಿ ಸಡಿಲಿಸುತ್ತವೆ. ಎಲ್ಲ ಬೀಜಗಳೂ ಒಂದೇ ಮಳೆಗೆ ಎದ್ದು, ಬಳಿಕ ಬರಗಾಲ ಬಂದರೆ ಸಂತತಿಯೇ ಅಳಿದೀತು. ಆದಕಾರಣ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಏಳುತ್ತವೆ. ಕಾಡಿಗೆ ಇದು ಲಾಭ. ಜುಲೈಗೆ ಸಸಿ ಕೊಡಬೇಕಾದವರಿಗೆ ನಷ್ಟ.

ಈ ಕಷ್ಟ ನಮಗಿಂತ ದೊಡ್ಡವರಿಗೂ ಬಂದಿತ್ತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿಯವರು ಹಡಗು ಕಟ್ಟುವ ಮರಕ್ಕಾಗಿ ನಿಲಂಬೂರಿನಲ್ಲಿ ತೇಗ ಬೆಳೆಸಲು ಹೊರಟಾಗ, ಮೊದಮೊದಲು ಬಿತ್ತಿದ ಬೀಜ ಸರಿಯಾಗಿ ಮೊಳೆಯಲೇ ಇಲ್ಲ. ಅವರ ಕೈಕೆಳಗೆ ದುಡಿದ ಚಾತು ಮೇನೋನರು ಸೋಲಿಗೆ ಬೇಸರಿಸದೆ ಕೆಲಸವನ್ನು ಗೆಲ್ಲಿಸಿದರು. 1846ರಲ್ಲಿ ನೆಟ್ಟ ತೇಗದ ತುಂಡೊಂದು ಚಾಲಿಯಾರ್ ಹೊಳೆಯ ದಡದಲ್ಲಿ ಈಗಲೂ ನಿಂತಿದೆ. ತೋಟಕ್ಕೆ ಕಲೆಕ್ಟರರ ಹೆಸರು ಉಳಿಯಿತು. ಕೈ ಮಣ್ಣು ಮಾಡಿಕೊಂಡವರ ಹೆಸರನ್ನು ನಾವು ನೆನೆಯೋಣ.

ಇನ್ನು ಮಾಡತಕ್ಕ ಕ್ರಮ. ಬೀಜ ಸ್ವಲ್ಪವಿದ್ದರೆ ಉಜ್ಜುವುದೇ ಉತ್ತಮ. ಕಾಯಿಗೆ ಅಂಟಿಕೊಂಡಿದ್ದ ಚುಕ್ಕೆಯ ಕಡೆಯನ್ನು ಬಿಟ್ಟು, ಅದರ ಎದುರು ಬದಿಯನ್ನು ಅರದಿಂದಲೋ ಬಡಗಿಯ ಮರಳುಕಾಗದದಿಂದಲೋ ಒಳಗಿನ ಬಿಳುಪು ಕಾಣುವಷ್ಟು ಮಾತ್ರ ಉಜ್ಜಬೇಕು. ಬಳಿಕ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಬೇಕು.

ಬೀಜ ಹೆಚ್ಚಿದ್ದರೆ ಬಿಸಿನೀರಿನ ಕ್ರಮ. ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಅದಕ್ಕೆ ಬೀಜ ಹಾಕಿ, ತಾನಾಗಿ ಆರಲು ಬಿಡಬೇಕು. ಬೀಜದ ಐದಾರು ಪಟ್ಟು ನೀರಿರಲಿ. ಒಲೆಯ ಮೇಲೆಯೇ ಬೇಯಿಸಿದರೆ, ನಮ್ಮ ಹೋಟೆಲು ಕೆಲಸದ ಗೆಳೆಯರೊಬ್ಬರು ನಗುತ್ತ ಹೇಳಿದ ಹಾಗೆ, ಅದು ಸಾಂಬಾರಿಗೆ ಆದೀತೇ ಹೊರತು ಗಿಡಕ್ಕಲ್ಲ. ಮರುದಿನ ಉಬ್ಬಿದವನ್ನು ಆರಿಸಿ ಬಿತ್ತಬೇಕು. ಉಬ್ಬದವನ್ನು ಎಸೆಯದೆ ಉಜ್ಜಿ ಮತ್ತೆ ನೆನೆಹಾಕಬೇಕು. ದೊಡ್ಡ ಸಸ್ಯಕ್ಷೇತ್ರಗಳಲ್ಲಿ ಗಂಧಕಾಮ್ಲವನ್ನೂ ಬಳಸುವುದುಂಟು. ಅದು ಬಲ್ಲವರ ಕೆಲಸ, ನಮ್ಮ ಕೋಣೆಗಳಿಗೆ ಬೇಡ.

ತೇಗದ ಬಗೆ ಬೇರೆ. ಅಲ್ಲಿ ಗಟ್ಟಿಯಾದದ್ದು ಬೀಜವಲ್ಲ, ಅದನ್ನು ಒಳಗಿಟ್ಟುಕೊಂಡ ಓಟೆ. ಅದನ್ನು ಒಂದೆರಡು ವಾರ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಒಣಗಿಸುತ್ತ ಬರಬೇಕು. ಹಲಸು, ಮಾವುಗಳಿಗೆ ಮಾತ್ರ ಈ ಯಾವ ಉಪಚಾರವೂ ಕೂಡದು. ಅವು ಒಣಗಿದರೆ ಸಾಯುತ್ತವೆ, ಬಿಸಿನೀರಿಗೆ ಬೇಯುತ್ತವೆ. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಸೇರಿಸಬೇಕು.

ಮೊಳೆತ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಪೊಟ್ಟಣದ ತಳದಲ್ಲಿ ತೂತುಗಳಿರಲಿ. ಕೊಚ್ಚಿಯ ಮಳೆಯಲ್ಲಿ ನೀರು ನಿಂತರೆ ಎಳೆಯ ಸಸಿ ಬುಡ ಕೊಳೆತು ಬೀಳುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ ಸಾಕು. ಬೀಜವನ್ನು ಅದರ ದಪ್ಪದ ಒಂದೆರಡರಷ್ಟೇ ಆಳಕ್ಕೆ ಊರಬೇಕು. ಮಂಜಾಡಿಯ ಜಾತಿಯ ಹಲವು ಮರಗಳ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೀವಿಗಳಿರುತ್ತವೆ. ಆದ್ದರಿಂದ ದೊಡ್ಡ ಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು ಬೆರೆಸಿದರೆ ಒಳ್ಳೆಯದು. ಮೊದಲ ಕೆಲವು ವಾರ ನೆರಳು, ಆಮೇಲೆ ಮೆಲ್ಲಮೆಲ್ಲನೆ ಬಿಸಿಲು. ಬೇರು ಪೊಟ್ಟಣದಲ್ಲಿ ಸುರುಳಿ ಸುತ್ತುವ ಮೊದಲೇ ನೆಲಕ್ಕೆ ಇಳಿಸಬೇಕು.

ಇದಕ್ಕೆಲ್ಲ ದೊಡ್ಡ ಓದು ಬೇಕೇ ಎಂದು ಯಾರಾದರೂ ಕೇಳಬಹುದು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಬಹುಕಾಲ ದಿನಗೂಲಿಯಾಗಿ ದುಡಿದರು. ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕೆಂಬುದು ಅವರ ಕೈಗೂ ಕಣ್ಣಿಗೂ ಗೊತ್ತಿತ್ತು. 2021ರಲ್ಲಿ ಬರಿಗಾಲಲ್ಲೇ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೂಲಿಯ ಕೆಲಸದಲ್ಲೂ ವಿದ್ಯೆಯುಂಟೆಂದು ತೋರಿಸಿಕೊಟ್ಟ ತಾಯಿ ಅವರು.

ಬಂಧುಗಳೇ, ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲಿ ಸ್ವಂತ ನೆಲವಿಲ್ಲ. ಬಾಡಿಗೆ ಕೋಣೆ, ಇಲ್ಲವೆ ಕೆಲಸದ ಜಾಗದಲ್ಲೇ ಮಲಗುವ ಚಾಪೆ. ಆದರೂ ಒಂದು ಪೊಟ್ಟಣ ಮಣ್ಣಿಗೆ ಎಲ್ಲರಲ್ಲೂ ಜಾಗವುಂಟು. ಬಿಸಿನೀರಿನ ಕ್ರಮವನ್ನು ಈ ಸಲ ನಲವತ್ತು ಬೀಜಗಳ ಮೇಲೆ ಮಾಡಿ ನೋಡಿದೆವು; ಎರಡು ವಾರದೊಳಗೆ ಮೂವತ್ತಕ್ಕೂ ಮೇಲೆ ಎದ್ದಿವೆ. ತಿರುವನಂತಪುರದ ಗೆಳೆಯರು ಮರದಡಿ ಬಿದ್ದ ಬೀಜ ಆರಿಸಿ, ಊರು ಮತ್ತು ದಿನಾಂಕ ಬರೆದ ಚೀಟಿಯೊಡನೆ ಕಳುಹಿಸಿಕೊಡಲಿ. ನೀರು ಹಾಕುವ ಸರದಿಯ ಪುಸ್ತಕ ಪತ್ರಿಕೆಗಳ ಮೇಜಿನ ಮೇಲಿದೆ. ರಾತ್ರಿ ಪಾಳಿಯವರು ಬೆಳಗಿನ ಸರದಿ ಹಿಡಿಯಬಹುದು. ಆ ಶಾಲೆಯ ಮಕ್ಕಳಿಗೆ ಒಂದು ವರ್ಷ ತಡವಾಗಿಯಾದರೂ ನಾವು ಕೊಟ್ಟ ಮಾತು ನಡೆಯಲಿ.