ಇಳಕಲ್ಲ ಸೀರೆಯೂ ಕಾಯಕದ ಗೌರವವೂ



ಮಗ್ಗಕ್ಕೂ ಶರಣಧರ್ಮಕ್ಕೂ ಇರುವ ನಂಟು ಬಲು ಹಳೆಯದು. ಆದ್ಯ ವಚನಕಾರರಲ್ಲಿ ಎಣಿಸಲ್ಪಡುವ ಜೇಡರ ದಾಸಿಮಯ್ಯನವರ ಕಾಯಕವು ನೇಯ್ಗೆಯೇ ಆಗಿದ್ದಿತು. ಆ ಕಾಯಕದ ಸೂಕ್ಷ್ಮವನ್ನು ಅರಿಯಬೇಕೆಂಬವರು ಇಳಕಲ್ಲ ಸೀರೆಯೊಂದನ್ನು ಕೈಯಲ್ಲಿ ಹಿಡಿದು ನೋಡತಕ್ಕದ್ದು.

ಸಾಮಾನ್ಯವಾದ ಸೀರೆಯಲ್ಲಿ ಒಂದೇ ಹಾಸು ಮೊದಲಿನಿಂದ ಕೊನೆಯವರೆಗೆ ಸಾಗುವುದು. ಇಳಕಲ್ಲ ಸೀರೆಯಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಕೋದು, ಸೀರೆಯ ಅಗಲಕ್ಕೆಲ್ಲ ಎಳೆಯೆಳೆಯಾಗಿ ಕೂಡಿಸುವರು. ಹಾಸೂ ಹೊಕ್ಕೂ ಕೆಂಪೇ ಆಗಿರುವುದರಿಂದ ಸೆರಗಿನ ಬಣ್ಣವು ತುಂಬಿ ನಿಲ್ಲುವುದು; ಅದರ ಮೇಲೆ ಬಿಳಿಯ ಚಿತ್ತಾರಗಳು ಮೂಡುವುವು. ದಡಿಯ ಬಣ್ಣವು ಒಡಲಿನೊಡನೆ ಬೆರೆಯದಂತೆ ಮೂರು ಲಾಳಿಗಳಿಂದ ಕೊಂಡಿ ಹಾಕಿ ನೇಯುವರು. ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು.

ಈ ಕಲೆಯು ಕಾಲಕ್ಕೆ ಬೆನ್ನು ತಿರುಗಿಸಿ ಕುಳಿತುದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೃತಕ ರೇಷ್ಮೆಯೂ ರಾಸಾಯನಿಕ ಬಣ್ಣಗಳೂ ಬಂದವು. ನೇಕಾರರು ಅವನ್ನು ಸ್ವೀಕರಿಸಿದರು. ಆದರೆ ಕೂಡಿಸುವ ವಿದ್ಯೆಯನ್ನು ಬಿಟ್ಟುಕೊಡಲಿಲ್ಲ. ಬದಲಾಗಬಹುದಾದುದು ಯಾವುದು, ಬದಲಾಗಬಾರದುದು ಯಾವುದು ಎಂಬ ವಿವೇಕವೇ ಪರಂಪರೆಯ ಜೀವಾಳ.

ಯಂತ್ರಮಗ್ಗದ ಅನುಕರಣೆಯಾದರೋ ಈ ಕೂಡಿಕೆಯ ಶ್ರಮವನ್ನು ತಪ್ಪಿಸಿ, ಅಗ್ಗದ ಬೆಲೆಗೆ ಅದೇ ಹೆಸರನ್ನು ಹೊತ್ತು ಪೇಟೆಗೆ ಬರುವುದು. ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡಲು 1985ರಲ್ಲಿ ಶಾಸನವಾಯಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಕೊಳ್ಳುವವರ ಮನಸ್ಸನ್ನು ಶಾಸನವು ತಿದ್ದಲಾರದು.

ಮನೆಯ ಮಗ್ಗದ ಹಿಂದೆ ಕಂಡಿಕೆ ಸುತ್ತುವ, ಹಾಸು ಅಣಿಮಾಡುವ ತಾಯಂದಿರಿರುವರು. ಅವರ ದುಡಿಮೆಯನ್ನು ಎಷ್ಟೋ ವೇಳೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡಿ, ಅಂಗಡಿಯಲ್ಲಿ ಕಾಯಕಜೀವಿಯ ಬೆವರಿಗೆ ಚೌಕಾಸಿ ಮಾಡುವವನ ಭಕ್ತಿಯು ಎಂತಹುದು? ನೇಕಾರನ ಮಗನಿಗೆ ಮಗ್ಗವು ಹೊಟ್ಟೆಗೆ ಹಾಕದಿದ್ದರೆ ಅವನು ಊರು ಬಿಡುವನು. ಅವನೊಡನೆ ವಿದ್ಯೆಯೂ ಊರು ಬಿಡುವುದು. ಗ್ರಂಥದಲ್ಲಿ ಬರೆದಿಟ್ಟರೆ ಉಳಿಯುವ ವಿದ್ಯೆ ಇದಲ್ಲ. ಇದು ಬೆರಳುಗಳಲ್ಲಿ ಉಳಿಯತಕ್ಕದ್ದು.

ಆದಕಾರಣ ಮಂಗಲಕಾರ್ಯಕ್ಕೆ ಸೀರೆ ಕೊಳ್ಳುವ ಭಕ್ತರು ಸೆರಗನ್ನು ತಿರುವಿ ಕೂಡಿಕೆಯನ್ನು ಹುಡುಕಲಿ; ಕಂಡರೆ ನ್ಯಾಯವಾದ ಬೆಲೆಯನ್ನು ಸಂತೋಷದಿಂದ ಸಲ್ಲಿಸಲಿ. ಅದು ದಾನವಲ್ಲ, ಋಣಸಂದಾಯ. ಒಡಲೂ ಸೆರಗೂ ಕೂಡಿದರೆ ಸೀರೆ. ಕಾಯಕವೂ ದಾಸೋಹವೂ ಕೂಡಿದರೆ ಸಮಾಜ.