ರಿಸಲ್ಟ್ ಬಂದ ಮೇಲೆ ಕೇಳಿದರೆ ತಡ



ಇವತ್ತು ಸೆಕೆಂಡ್ ಪಿಯು ರಿಸಲ್ಟ್ ಬಂದಿದೆ. ಬೆಳಗ್ಗೆಯಿಂದ ನೀವು ಟಿವಿಯಲ್ಲಿ ನೋಡಿದ್ದೇನು? ಟಾಪರ್ ಮನೆ. ಅಮ್ಮ ಬಾಯಿಗೆ ಲಡ್ಡು ಇಡ್ತಾರೆ, ಅಪ್ಪ ಪಕ್ಕದಲ್ಲಿ ನಿಂತು ಕಣ್ಣೊರೆಸ್ಕೊಳ್ತಾರೆ, ನಮ್ಮ ರಿಪೋರ್ಟರ್ ಮೈಕ್ ಹಿಡಿದು "ಮುಂದೇನಾಗಬೇಕು ಅಂತಿದ್ದೀಯಮ್ಮಾ?" ಅಂತಾನೆ. "ಐಎಎಸ್ ಸರ್." ಆಮೇಲೆ ಜಿಲ್ಲೆಗಳ ಪಟ್ಟಿ. ಯಾವ ಜಿಲ್ಲೆ ಫಸ್ಟು, ಯಾವ ಜಿಲ್ಲೆ ಲಾಸ್ಟು. ರಾತ್ರಿ ಒಂಬತ್ತಾದರೆ ಬೇರೆ ಸುದ್ದಿ. ನಮ್ಮ ಚಾನೆಲ್ಲೂ ಅದನ್ನೇ ಮಾಡಿದೆ, ನಾನೇನು ಸಾಚಾ ಅಂತ ಹೇಳ್ತಿಲ್ಲ.

ಟಾಪರ್‌ಗಳಿಗೆ ಅಭಿನಂದನೆ. ಅವರಿಗೆ ದಾರಿ ತೋರಿಸೋಕೆ ಬೇಕಾದಷ್ಟು ಜನ ಇದ್ದಾರೆ, ನಾನು ಬೇಕಿಲ್ಲ. ನಾನು ಇವತ್ತು ಮಾತಾಡಬೇಕಿರೋದು ನೂರಕ್ಕೆ ಅರವತ್ತು ತಗೊಂಡ ಒಬ್ಬ ಹುಡುಗಿ ಬಗ್ಗೆ.

ನಂಜನಗೂಡು ತಾಲೂಕಿನಲ್ಲಿ ಚಿಕ್ಕಯ್ಯನಛತ್ರ ಅಂತ ಒಂದು ಹೋಬಳಿ. ಹೆಸರಲ್ಲೇ ಛತ್ರ ಇದೆ ನೋಡಿ, ದಾರಿಹೋಕರು ಇಳ್ಕೊಂಡು, ಉಂಡು, ಮುಂದಿನ ದಾರಿ ಕೇಳ್ಕೊಂಡು ಹೋಗೋ ಜಾಗ. ಮೈಸೂರು-ಚಾಮರಾಜನಗರ ರೈಲು ಹತ್ತಿದರೆ ಕಡಕೊಳ ಆದ ಮೇಲೆ ತಾಂಡವಪುರ ಸಿಗುತ್ತಲ್ಲ, ಆ ಕಡೆ. ಚಿತ್ರನಗರಿ ಬರುತ್ತೆ, ಬರುತ್ತೆ ಅಂತ ವರ್ಷಗಳಿಂದ ಕೇಳ್ತಿದ್ದೀರಲ್ಲ ಹಿಮ್ಮಾವು, ಅದೂ ಅಲ್ಲೇ. ಎರಡೂ ಕಡೆ ಕಾರ್ಖಾನೆ. ನಡುವೆ ಉಳಿದಷ್ಟು ಗದ್ದೆ. ಕಾರ್ಖಾನೆಗೆ ಜಮೀನು ಕೊಟ್ಟ ರೈತರು ಮಕ್ಕಳಿಗೆ ಕೆಲಸ ಕೊಡಿ ಅಂತ ಧರಣಿ ಕೂತಿದ್ದನ್ನ ನಾವೇ ಸುದ್ದಿ ಮಾಡಿದ್ದೀವಿ.

ಹೋದ ವರ್ಷ ಜುಲೈನಲ್ಲಿ ಆ ಹೋಬಳಿಯ ಒಂದು ಊರಲ್ಲಿ ಪ್ರತಿಭಾ ಪುರಸ್ಕಾರ. ಪರಿಚಯದ ಉಪನ್ಯಾಸಕರೊಬ್ಬರು ಕರೆದಿದ್ದರು, ಹೋದೆ. ಶಾಲು, ಹಾರ, ಮೈಸೂರು ಪೇಟ. ಮೈಕ್ ಸಿಕ್ಕಿದರೆ ನಮ್ಮಂಥವರನ್ನ ಕೇಳಬೇಕಾ? ನಲವತ್ತು ನಿಮಿಷ ಮಾತಾಡಿದೆ. ಕನಸು ಕಾಣಿ, ಗುರಿ ಇಟ್ಕೊಳ್ಳಿ, ಸಾಧಿಸೋರಿಗೆ ಬಡತನ ಅಡ್ಡಿ ಅಲ್ಲ. ಚಪ್ಪಾಳೆ ಬಿತ್ತು. ಕಾರು ಹತ್ತೋ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಪುರಸ್ಕಾರ ತಗೊಂಡವಳಲ್ಲ, ಗೆಳತಿಗೆ ಜೊತೆಯಾಗಿ ಬಂದಿದ್ದವಳು.

"ಸಾರ್, ನೀವು ಹೇಳಿದ್ದೆಲ್ಲ ಚೆನ್ನಾಗಿತ್ತು. ಆದ್ರೆ ನಾಳೆ ನಾನು ಎಲ್ಲಿಗೆ ಹೋಗ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರಿನ ಬಾಗಿಲು ಹಾಕಿ ಕೆಳಗೆ ನಿಂತು ಕೇಳಿದೆ. ಪಿಸಿಎಂಬಿ ಓದಿದಾಳೆ. ಅರವತ್ತೊಂದು ಪರ್ಸೆಂಟ್. ನೀಟ್ ಬರೆದಿಲ್ಲ. ಸಿಇಟಿ? ಅದೂ ಬರೆದಿಲ್ಲ. ಯಾಕಮ್ಮಾ? "ಫಾರಂ ಹಾಕೋವಾಗ ಆರ್‌ಡಿ ನಂಬರ್ ಕೇಳ್ತು ಸಾರ್. ನಮ್ದು ಇರ್ಲಿಲ್ಲ. ಮಾಡಿಸೋ ಹೊತ್ತಿಗೆ ಡೇಟ್ ಮುಗೀತು."

ಆರ್‌ಡಿ ನಂಬರ್ ಅಂದರೆ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರೋ ನಂಬರ್. ಅದನ್ನ ಕೊಡೋದು ಹೋಬಳಿಯ ನಾಡಕಚೇರಿ. ಬೆಂಗಳೂರಲ್ಲ, ದೆಹಲಿ ಅಲ್ಲ, ಅವಳ ಹೋಬಳಿಯದೇ ಕಚೇರಿ. ಒಂದು ನಂಬರ್ ಇಲ್ಲದೆ ಒಂದು ವರ್ಷ ಹೋಯ್ತು.

ಅಪ್ಪ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟ್ ಸೆಕ್ಯುರಿಟಿ. ಪ್ಯಾಕಿಂಗ್ ಸೆಕ್ಷನ್ನಿಗೆ ಹೆಣ್ಣುಮಕ್ಕಳು ಬೇಕು, ಒಂದನೇ ತಾರೀಖಿನಿಂದ ಕಳಿಸು ಅಂತ ಸೂಪರ್‌ವೈಸರ್ ಹೇಳಿದ್ದಾನೆ. ಅಮ್ಮ ಹೇಳ್ತಾರೆ ಬಿಎ ಮಾಡು. ಮಾವ ಹೇಳ್ತಾನೆ ನರ್ಸಿಂಗ್ ಸೇರಿಸೋಣ, ಗೊತ್ತಿರೋರು ಇದ್ದಾರೆ. ನಿನಗೇನು ಇಷ್ಟ ಅಂತ ಕೇಳಿದೆ. ಅವಳು ಸುಮ್ಮನೆ ನಿಂತಳು. ಆ ಪ್ರಶ್ನೆ ಅವಳನ್ನ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ. ಆಮೇಲೆ ತಮ್ಮನ ಕಥೆ ಹೇಳಿದಳು. ತಮ್ಮನಿಗೆ ಕಿವಿ ಕೇಳಿಸಲ್ಲ. ಅವನನ್ನ ಕರ್ಕೊಂಡು ವರ್ಷಗಟ್ಟಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಓಡಾಡಿದ್ದಾಳೆ. ಹಿಯರಿಂಗ್ ಏಡ್ ಹಾಕಿಸಿದ್ದು, ಮಾತು ಕಲಿಸೋ ತರಬೇತಿ, ಎಲ್ಲ ಅಲ್ಲೇ. "ಅಲ್ಲಿ ಮೇಡಂಗಳು ಮಾಡ್ತಾರಲ್ಲ, ಅಂಥ ಕೆಲಸ ಆದ್ರೆ ನಂಗಿಷ್ಟ ಸಾರ್. ಅದಕ್ಕೆ ಎಲ್ಲೋ ದೊಡ್ಡ ಊರಲ್ಲಿ ಓದಿರಬೇಕು ಅಲ್ವಾ?"

ವೀಕ್ಷಕರೇ, ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬರೀ ಆಸ್ಪತ್ರೆ ಅಲ್ಲ. ಕೇಂದ್ರ ಆರೋಗ್ಯ ಇಲಾಖೆಯ ಕೆಳಗಿರೋ ಕಾಲೇಜು ಕೂಡ. ಪಿಯು ಸೈನ್ಸ್ ಆದ ಮೇಲೆ ನಾಲ್ಕು ವರ್ಷದ ಡಿಗ್ರಿ ಇದೆ, ಅದಕ್ಕೆ ಅವರದೇ ಪ್ರವೇಶ ಪರೀಕ್ಷೆ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದು ಓದ್ತಾರೆ. ಈ ಹುಡುಗಿ ಅದೇ ಗೇಟಿನೊಳಗೆ ಹತ್ತಾರು ಸಲ ಹೋಗಿದ್ದಾಳೆ. ಯಾವ ಬಸ್ಸು, ಯಾವ ಸ್ಟಾಪು, ಎಲ್ಲಿ ಕ್ಯೂ ನಿಲ್ಲಬೇಕು, ಎಲ್ಲ ಗೊತ್ತು. ಆ ಗೇಟಿನೊಳಗೆ ತಾನೂ ಓದಬಹುದು ಅನ್ನೋದೊಂದು ಗೊತ್ತಿಲ್ಲ. ನಾನು ಫೋನ್ ಮಾಡಿ ವಿಚಾರಿಸಿದೆ. ಆ ವರ್ಷದ ಅರ್ಜಿ ಮುಗಿದುಹೋಗಿತ್ತು.

ಅವತ್ತು ವಾಪಸ್ ಬರ್ತಾ ನನಗೆ ನನ್ನದೇ ಕಥೆ ನೆನಪಾಯ್ತು. ನಾನು ಪಿಯುಸಿಗೆ ಸೈನ್ಸ್ ತಗೊಂಡೆ. ಯಾಕೆ? ಪಕ್ಕದ ಮನೆಯವರ ಮಗ ತಗೊಂಡಿದ್ದ. ಫಿಸಿಕ್ಸ್‌ನಲ್ಲಿ ಡುಮ್ಕಿ. ಮನೆಯಲ್ಲಿ ಸೂತಕ. ಆಮೇಲೆ ಬಿಎ ಸೇರಿದ್ದಾದರೂ ಏನು ಯೋಚನೆ ಮಾಡಿ? ಆ ಕಾಲೇಜಿಗೆ ಹೋಗೋ ಬಸ್ಸು ನಮ್ಮೂರಿಂದ ನೇರ ಇತ್ತು, ಅಷ್ಟೇ. ಬಸ್ಸು ಬೇರೆ ಕಡೆ ಹೋಗಿದ್ದರೆ ನಾನು ಇವತ್ತು ಬೇರೆ ಏನೋ ಆಗಿರ್ತಿದ್ದೆ. ನಮ್ಮಲ್ಲಿ ಲಕ್ಷಾಂತರ ಮಕ್ಕಳ ಭವಿಷ್ಯ ತೀರ್ಮಾನ ಆಗೋದು ಹೀಗೇ ಸ್ವಾಮಿ. ಪಕ್ಕದ ಮನೆಯವನು ಏನು ಮಾಡಿದ, ಬಸ್ಸು ಎಲ್ಲಿಗೆ ಹೋಗುತ್ತೆ, ಮಾವನಿಗೆ ಯಾರು ಗೊತ್ತು.

ಹಾಗಂತ ಆ ಹೋಬಳಿ ಮಕ್ಕಳು ಎಲ್ಲೋ ಕಾಡಲ್ಲಿದ್ದಾರಾ? ಇಲ್ಲ. ಮುಕ್ಕಾಲು ಗಂಟೆ ಬಸ್ಸಿಗೆ ಮೈಸೂರು. 1916ರ ವಿಶ್ವವಿದ್ಯಾಲಯ ಅಲ್ಲಿದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅಲ್ಲಿದೆ. ಮೇಷ್ಟ್ರಾಗಬೇಕು ಅನ್ನೋ ಮಗು ಡಿಗ್ರಿ ಮೂರು ವರ್ಷ, ಬಿಎಡ್ ಎರಡು ವರ್ಷ ಅಂತ ಐದು ವರ್ಷ ಲೆಕ್ಕ ಹಾಕ್ತಾ ಕೂತಿರುತ್ತೆ. ಅಲ್ಲಿ ಎರಡೂ ಸೇರಿ ನಾಲ್ಕೇ ವರ್ಷ. ಆದರೆ ಅದರ ರಾಷ್ಟ್ರಮಟ್ಟದ ಪರೀಕ್ಷೆಗೆ ಅರ್ಜಿ ಹಾಕೋ ದಿನ ಕೆಲವು ವರ್ಷ ಪಿಯು ರಿಸಲ್ಟ್‌ಗಿಂತ ಮೊದಲೇ ಮುಗಿದಿರುತ್ತೆ. 1950ರಿಂದ ಇರೋ ಸಿಎಫ್‌ಟಿಆರ್‌ಐ ಅಲ್ಲಿದೆ, ಬಿಎಸ್ಸಿ ಮಾಡಿದವರು ಆಹಾರ ತಂತ್ರಜ್ಞಾನದಲ್ಲಿ ಎಂಎಸ್ಸಿ ಮಾಡೋಕೆ ಹುಡುಕ್ಕೊಂಡು ಬರ್ತಾರೆ. ನಂಜನಗೂಡಿನ ಕಾರ್ಖಾನೆಯಲ್ಲೇ ನೂಡಲ್ಸ್, ಕಾಫಿ ಪುಡಿ ತಯಾರಾಗುತ್ತೆ. ನಮ್ಮ ಮಕ್ಕಳು ಅದನ್ನ ಡಬ್ಬಕ್ಕೆ ತುಂಬೋಕೆ ಮಾತ್ರ ಲಾಯಕ್ಕಾ? ಅದನ್ನ ಪರೀಕ್ಷೆ ಮಾಡೋ ಲ್ಯಾಬಿನ ಕುರ್ಚಿಯಲ್ಲಿ ಯಾಕೆ ಕೂರಬಾರದು?

ಸಿದ್ದರಾಮನಹುಂಡಿ ಅಲ್ಲಿಂದ ಬಹಳ ದೂರ ಏನಲ್ಲ. ಆ ಊರಿನ ಹುಡುಗ ಒಬ್ಬ ನೇರ ಐದನೇ ಕ್ಲಾಸಿಗೆ ಸೇರಿ, ಮೈಸೂರಲ್ಲಿ ಬಿಎಸ್ಸಿ ಮಾಡಿ, ಆಮೇಲೆ ಲಾ ಓದಿ ವಕೀಲಿಕೆಗೆ ಇಳಿದ. ಮುಂದಿನದು ನಿಮಗೇ ಗೊತ್ತಿದೆ. ರಾಜಕೀಯ ಪಕ್ಕಕ್ಕಿಡಿ. ಬಿಎಸ್ಸಿ ಆದ ಮೇಲೂ ದಾರಿ ಬದಲಾಯಿಸಬಹುದು ಅಂತ ಹೇಳೋಕೆ ಆ ಉದಾಹರಣೆ ಕೊಟ್ಟೆ.

ಈಗ ಅಪ್ಪ-ಅಮ್ಮಂದಿರಿಗೆ. ಹಳ್ಳಿಯ ಮಕ್ಕಳಿಗೆ ಸಿಇಟಿಯಲ್ಲಿ ಏನಿದೆ ಗೊತ್ತಾ? ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡ 15 ಮೀಸಲಾತಿ. ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5. ಕೃಷಿ ಡಿಗ್ರಿಗಳಲ್ಲಿ ರೈತರ ಮಕ್ಕಳಿಗೇ ಬೇರೆ ಸೀಟುಗಳಿವೆ, ಪ್ರಾಯೋಗಿಕ ಪರೀಕ್ಷೆ ಮಾಡಿ ಕೊಡ್ತಾರೆ. ಆದರೆ ನಾವೇನು ಮಾಡಿದೆವು? ಹಳದಿ ವ್ಯಾನ್ ಊರೊಳಗೆ ಬಂತು, ಯುಕೆಜಿಯಿಂದ ಮಗುವನ್ನ ಪೇಟೆ ಶಾಲೆಗೆ ಕಳಿಸಿದೆವು. ಇಂಗ್ಲಿಷ್ ಬಂತೋ ಇಲ್ಲವೋ, ಆ ಎರಡು ಮೀಸಲಾತಿ ಮಾತ್ರ ಹೋಯ್ತು. ನಾನು ಇಂಗ್ಲಿಷ್ ಬೇಡ ಅಂತ ಹೇಳ್ತಿಲ್ಲ, ನನ್ನ ಮಕ್ಕಳೂ ಅಲ್ಲೇ ಓದಿದ್ದು. ಕಳ್ಕೊಳ್ಳೋದು ಏನು ಅಂತ ಗೊತ್ತಿದ್ದು ಕಳ್ಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಆ ಹಕ್ಕು ಇದೆ. ಅದಕ್ಕೆ ಬೇಕಾದ ಕಾಗದವನ್ನ ಜನವರಿಗಿಂತ ಮೊದಲು ಮಾಡಿಸಿ ಇಟ್ಕೊಳ್ಳಿ. ಸಿಇಟಿ ಅರ್ಜಿ ಕರೆಯೋದು ರಿಸಲ್ಟ್ ಬಂದ ಮೇಲಲ್ಲ, ಪರೀಕ್ಷೆಗೂ ಮೊದಲು.

ಸಿಇಟಿ ಬರೆದಿರೋ ಮಕ್ಕಳೇ, ಸೈಬರ್ ಸೆಂಟರ್‌ನವನ ಕೈಗೆ ಪಾಸ್‌ವರ್ಡ್ ಕೊಟ್ಟು ಟೀ ಕುಡಿಯೋಕೆ ಹೋಗಬೇಡಿ. ಆಪ್ಷನ್ ಎಂಟ್ರಿ ನೀವೇ ಕೂತು ಮಾಡಿ. ನಿಜವಾಗಿ ಬೇಕಾದ್ದು ಮೇಲೆ, ಅನಿವಾರ್ಯವಾದ್ದು ಕೆಳಗೆ. ಸೀಟು ಸಿಕ್ಕಿದಾಗ ಒಂದು, ಎರಡು, ಮೂರು, ನಾಲ್ಕು ಅಂತ ಚಾಯ್ಸ್ ಕೇಳುತ್ತೆ. ಸೀಟು ಒಪ್ಪಿದೆ, ಸೇರ್ತೀನಿ ಅಂದರೆ ಒಂದು. ಒಪ್ಪಿದೆ, ಆದರೆ ಇನ್ನೂ ಒಳ್ಳೆಯದು ಸಿಗುತ್ತಾ ನೋಡ್ತೀನಿ ಅಂದರೆ ಎರಡು. ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ ಅಂದರೆ ಮೂರು. ಏನೂ ಬೇಡ ಅಂದರೆ ನಾಲ್ಕು. ಎರಡು ಒತ್ತೋ ಕಡೆ ಮೂರು ಒತ್ತಿ, ಕೈಯಲ್ಲಿದ್ದ ಸೀಟು ಬಿಟ್ಟು ಅಳ್ತಾ ನಮ್ಮ ಆಫೀಸಿಗೆ ಫೋನ್ ಮಾಡಿದ ಮಕ್ಕಳಿದ್ದಾರೆ. ನಾವೇನು ಮಾಡೋಕಾಗುತ್ತೆ ಹೇಳಿ?

ಇನ್ನು ಕಾರ್ಖಾನೆ ಕೆಲಸ. ಪ್ಯಾಕಿಂಗ್‌ಗೆ ಹೋಗಬೇಡ ಅಂತ ಹೇಳೋಕೆ ಎಸಿ ಸ್ಟುಡಿಯೋದಲ್ಲಿ ಕೂತಿರೋ ನಾನ್ಯಾರು? ಆ ಮನೆಗೆ ತಿಂಗಳ ಸಂಬಳ ಎಷ್ಟು ಮುಖ್ಯ ಅಂತ ಅವರಿಗೇ ಗೊತ್ತು. ಹೋಗಿ. ಆದರೆ ಗೇಟಲ್ಲಿ ಕೇಳಿ: ನನ್ನ ಹೆಸರು ಕಂಪನಿ ರೋಲ್‌ನಲ್ಲಾ, ಕಂಟ್ರಾಕ್ಟರ್ ಹತ್ರಾನಾ? ಪಿಎಫ್ ನಂಬರ್ ಕೊಡ್ತೀರಾ, ಇಎಸ್‌ಐ ಕಾರ್ಡ್ ಕೊಡ್ತೀರಾ? 1961ರ ಅಪ್ರೆಂಟಿಸ್ ಕಾಯ್ದೆ ಅಂತ ಒಂದಿದೆ. ಅದರ ಕೆಳಗೆ ತಗೊಂಡರೆ ಸ್ಟೈಪೆಂಡ್ ಜೊತೆ ಕೊನೆಗೆ ಸರ್ಟಿಫಿಕೇಟ್ ಸಿಗುತ್ತೆ, ಅದನ್ನ ಇನ್ನೊಂದು ಕಂಪನಿಯಲ್ಲಿ ತೋರಿಸಬಹುದು. ಬರೀ "ಬಾ ಕೆಲಸಕ್ಕೆ" ಅಂದರೆ ಮೂರು ವರ್ಷ ಆದ ಮೇಲೂ ನೀವು ಮೊದಲನೇ ದಿನದವರೇ. ಕೆಲಸ ಮಾಡ್ತಾನೇ ಓದೋಕೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಅದಕ್ಕೆ ಹಿಂದೆ ಮಾನ್ಯತೆ ತೊಂದರೆ ಆಗಿತ್ತು, 2018ರಲ್ಲಿ ಮತ್ತೆ ಸಿಕ್ಕಿದೆ. ಆದರೂ ಸೇರೋ ವರ್ಷದ ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇದೆಯಾ ನೋಡ್ಕೊಳ್ಳಿ.

ಮಾವ ಹೇಳಿದ ನರ್ಸಿಂಗ್ ಬಗ್ಗೆ ಒಂದು ಮಾತು. ಒಳ್ಳೆಯ ಕೆಲಸ, ದೇಶ-ವಿದೇಶ ಎಲ್ಲಾ ಕಡೆ ಬೇಡಿಕೆ. ಆದರೆ ರಿಸಲ್ಟ್ ಬಂದ ವಾರದಲ್ಲಿ ಊರ ಮುಂದೆ ಕಾರಲ್ಲಿ ಬಂದು ಇಳಿಯೋ ಏಜೆಂಟ್ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿದೆಯಾ ಕೇಳಿ. ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟು, ಬಿಡಿಸ್ಕೊಳ್ಳೋಕೆ ದುಡ್ಡು ಹೊಂದಿಸಿದ ಅಪ್ಪಂದಿರನ್ನ ನಾನು ನೋಡಿದ್ದೀನಿ.

ಫೇಲಾದ ಮಕ್ಕಳು ಯಾರಾದರೂ ನೋಡ್ತಿದ್ದರೆ, ನಾನೂ ನಿಮ್ಮವನೇ. ನಮ್ಮ ಕಾಲದಲ್ಲಿ ಮತ್ತೆ ಬರೆಯೋಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. 2024ರಿಂದ ಪರೀಕ್ಷೆ-1 ಆದ ಕೂಡಲೇ ಪರೀಕ್ಷೆ-2 ಬರುತ್ತೆ, ಹೆಚ್ಚು ಬಂದ ಅಂಕವನ್ನೇ ಇಟ್ಕೊಳ್ತಾರೆ. ಅಪ್ಪಂದಿರೇ, ಇವತ್ತು ರಾತ್ರಿ ಆ ಮಗುವಿಗೆ ಬೈಬೇಡಿ. ಊಟ ಹಾಕಿ, ಪಕ್ಕದಲ್ಲಿ ಮಲಗಿಸ್ಕೊಳ್ಳಿ. ಮಿಕ್ಕಿದ್ದು ನಾಳೆ ಮಾತಾಡೋಣ.

ಉಪನ್ಯಾಸಕರಿಗೆ, ಪ್ರಾಂಶುಪಾಲರಿಗೆ ಒಂದು ಕೋರಿಕೆ. ನಮ್ಮಂಥವರನ್ನ ಕರೆಸಿ ಭಾಷಣ ಮಾಡಿಸಬೇಡಿ. ಆ ಶಾಲು-ಹಾರದ ದುಡ್ಡಲ್ಲಿ ಡಿಸೆಂಬರ್ ತಿಂಗಳಲ್ಲಿ ಒಂದು ಬಸ್ಸು ಮಾಡಿ. ಮಕ್ಕಳನ್ನ ಕೂರಿಸ್ಕೊಂಡು ಮೈಸೂರಿಗೆ ಹೋಗಿ. ಮೃಗಾಲಯ, ಅರಮನೆ ನೋಡಾಗಿದೆ, ಬಿಡಿ. ಈ ಸಂಸ್ಥೆಗಳ ಗೇಟೊಳಗೆ ಕರ್ಕೊಂಡು ಹೋಗಿ, ಅಲ್ಲಿ ಓದ್ತಿರೋ ಹಳ್ಳಿ ಮಕ್ಕಳ ಜೊತೆ ಅರ್ಧ ಗಂಟೆ ಬಿಡಿ. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಬಸ್ಸೇ ಫ್ರೀ. ಬಸ್ ಚಾರ್ಜಿಲ್ಲ ಅನ್ನೋ ನೆಪವೂ ಉಳಿದಿಲ್ಲ.

ನನ್ನನ್ನ ಕರೆದಿದ್ದ ಉಪನ್ಯಾಸಕರು ಈ ಸಲ ಅದನ್ನ ಮಾಡಿದರು. ಡಿಸೆಂಬರ್‌ನಲ್ಲಿ ಒಂದು ಶನಿವಾರ ನಾಡಕಚೇರಿಗೆ ಮಕ್ಕಳನ್ನ ಸಾಲಾಗಿ ಕರ್ಕೊಂಡು ಹೋಗಿ ಅರ್ಜಿ ಕೊಡಿಸಿದ್ದಾರೆ. ಕ್ಲಾಸಿನ ಬಾಗಿಲ ಮೇಲೆ ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಅಂತ ಬರೆದು ಅಂಟಿಸಿದ್ದಾರೆ. ಭಾಷಣ ಇಲ್ಲ.

ಆ ಹುಡುಗಿ? ಹೋದ ಆಗಸ್ಟ್‌ನಿಂದ ಪ್ಯಾಕಿಂಗ್‌ಗೆ ಹೋಗ್ತಿದ್ದಾಳೆ. ಪಿಎಫ್ ನಂಬರ್ ಕೇಳಿ ತಗೊಂಡಿದ್ದಾಳಂತೆ, ಅದಕ್ಕೆ ಸೂಪರ್‌ವೈಸರ್ ಒಂದು ವಾರ ಮುಖ ಊದಿಸ್ಕೊಂಡಿದ್ದನಂತೆ. ಶಿಫ್ಟ್ ಮುಗಿಸಿ ಬಂದು ಬಯಾಲಜಿ ಓದ್ತಾಳೆ. ವಾಕ್ ಶ್ರವಣ ಸಂಸ್ಥೆಯವರು ಈ ವರ್ಷದ ಅರ್ಜಿ ಕರೆಯೋದನ್ನೇ ಕಾಯ್ತಿದ್ದಾಳೆ. ಮೊನ್ನೆ ಅವಳ ಅಪ್ಪ ಫೋನ್ ತಗೊಂಡು ಮಾತಾಡಿದರು. "ಸಾರ್, ನಾಲ್ಕು ವರ್ಷ ಓದೋವರೆಗೆ ಈ ಸಂಬಳ ನಿಲ್ತದಲ್ಲ, ಮನೆ ಹೆಂಗೆ?" ಅಂತ ಕೇಳಿದರು. ಸ್ಕಾಲರ್‌ಶಿಪ್ ಲೆಕ್ಕ ಹೇಳಿದೆ, ಹಾಸ್ಟೆಲ್ ಲೆಕ್ಕ ಹೇಳಿದೆ. ಪೂರ್ತಿ ತಾಳೆ ಆಗಲಿಲ್ಲ. "ಸರಿ, ಮೊದ್ಲು ಪರೀಕ್ಷೆ ಬರೀಲಿ" ಅಂದರು.

ನಾಳೆ ರಾತ್ರಿ ಮತ್ತೆ ಸಿಗೋಣ.